ಸತ್ತಂತೆ ಬಿದ್ದವನಿಗೆ ಯಾವ ಸ್ಕಿಲ್ ಚೆಕ್?

ಕತ್ತಲೆ ಕೋಣೆಯ ಸೆರೆಮನೆ. ಬಾಗಿಲಿಗೆ ಬೀಗ, ಆಚೆ ಒಬ್ಬನೇ ಕಾವಲುಗಾರ. ಕಳ್ಳನ ಪಾತ್ರ ಆಡುತ್ತಿದ್ದ ಗೆಳೆಯ ಚಹಾ ಲೋಟ ಕೆಳಗಿಟ್ಟು ಹೇಳಿದ: ‘ನಾನು ಸತ್ತ ಹಾಗೆ ಬಿದ್ಕೋತೀನಿ. ಅವನು ಬಾಗಿಲು ತೆಗೀಲಿ.’ ಮೇಜಿನ ಸುತ್ತ ಕೂತ ಎಲ್ಲರೂ ನನ್ನ ಮುಖ ನೋಡಿದರು. ಆಟ ನಡೆಸುವ ಡಂಜನ್ ಮಾಸ್ಟರ್ ನಾನೇ ಅಲ್ವಾ! ಪಾತ್ರದ ಹಾಳೆಯಲ್ಲಿದ್ದ 18 ಸ್ಕಿಲ್‌ಗಳನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ‘ಸಾಯುವುದು’ ಅಂತ ಒಂದೂ ಇರಲಿಲ್ಲ.

ನಾವು ಆಡುತ್ತಿದ್ದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಕಟ್ಟಿದ್ದು. ಇಲ್ಲಿ ಹೇಳುತ್ತಿರುವುದು 2014ರಲ್ಲಿ ಬಂದ ಐದನೇ ಆವೃತ್ತಿಯ ಲೆಕ್ಕ. ಪಾತ್ರ ಏನು ಮಾಡುತ್ತದೆ ಅಂತ ಆಟಗಾರ ಹೇಳುತ್ತಾನೆ. ಅದು ಆದೀತೋ ಇಲ್ಲವೋ ಎಂಬ ಅನುಮಾನ ಇದ್ದರೆ ಡಂಜನ್ ಮಾಸ್ಟರ್ ಚೆಕ್ ಕೇಳುತ್ತಾನೆ. 20 ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಗುಣದ (ಬಲ, ತಾಳಿಕೆ ಇಂಥವು) ಅಂಕ ಕೂಡಿಸಬೇಕು. ಆ ಸ್ಕಿಲ್‌ನಲ್ಲಿ ತರಬೇತಿ ಇದ್ದರೆ ಅದಕ್ಕೆ ಇನ್ನಷ್ಟು. ಮೊತ್ತ ಡಂಜನ್ ಮಾಸ್ಟರ್ ಇಟ್ಟ ಗುರಿಯನ್ನು ಮುಟ್ಟಿದರೆ ಗೆಲುವು.

ಬೀಗ ತೆಗೆಯುವುದು, ಗೋಡೆ ಹತ್ತುವುದು ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಷ್ಟ ಬರುವುದು ಹೀಗೆ ಯಾರೋ ಸಾಯಲು ಹೊರಟಾಗ.

ಹಾಳೆ ಬಿಡಿ, ಆಟಗಾರನನ್ನು ಕೇಳಿ

ನಾನು ಮಾಡಿದ ಮೊದಲ ತಪ್ಪು ಹಾಳೆ ನೋಡಿದ್ದು. ಎರಡು ಪ್ರಶ್ನೆ ಮೊದಲು ಕೇಳಬೇಕು: ನಿನಗೆ ಏನಾಗಬೇಕು? ಅದನ್ನು ಹೇಗೆ ಮಾಡ್ತೀಯ? ‘ಏನು’ ಎಂಬುದಕ್ಕೆ ಉತ್ತರ ಸಿಕ್ಕಿತ್ತು, ಬಾಗಿಲು ತೆರೆಯಬೇಕು. ‘ಹೇಗೆ’ ಎಂಬುದರಲ್ಲೇ ಚೆಕ್ ಅಡಗಿರುತ್ತದೆ. ಹೊಟ್ಟೆ ಹಿಡಿದು ಕಿರುಚಿ, ಒದ್ದಾಡಿ, ವಿಷ ತಿಂದವನ ಹಾಗೆ ಬಿದ್ದರೆ ಅದು ನಾಟಕ. ಕರಿಸ್ಮಾ (ಜನರನ್ನು ಸೆಳೆಯುವ ವ್ಯಕ್ತಿತ್ವ) ಗುಣ, ಪರ್ಫಾರ್ಮೆನ್ಸ್ ಸ್ಕಿಲ್. ಪಕ್ಕದ ಕೈದಿ ‘ಅಯ್ಯೋ, ಇವನು ಹೋಗ್ಬಿಟ್ಟ’ ಅಂತ ಕಾವಲುಗಾರನನ್ನು ನಂಬಿಸಿದರೆ ಅದು ಡಿಸೆಪ್ಷನ್, ಅಂದರೆ ಮೋಸ. ದಾಳ ಉರುಳಿಸಬೇಕಾದವನು ಆ ಕೈದಿ, ಬಿದ್ದವನಲ್ಲ.

ನನ್ನ ಗೆಳೆಯ ಹೇಳಿದ್ದು ಬೇರೆ. ‘ಸುಮ್ನೆ ಬಿದ್ದಿರ್ತೀನಿ. ಉಸಿರು ಬಿಗಿ ಹಿಡೀತೀನಿ. ಅವನು ಬಂದು ಮೂಗಿನ ಹತ್ರ ಕೈ ಇಟ್ಟರೂ ಅಲ್ಲಾಡಲ್ಲ.’

ಮೊದಲು ಗುಣ, ಆಮೇಲೆ ಸ್ಕಿಲ್

ಇದರಲ್ಲಿ ಮಾತಿಲ್ಲ, ಅಭಿನಯವೂ ಇಲ್ಲ. ಇರುವುದು ಶ್ವಾಸಕೋಶ. ದೇಹದ ತಾಳಿಕೆ, ಅಂದರೆ ಕಾನ್‌ಸ್ಟಿಟ್ಯೂಷನ್. ಆದರೆ ಆ ಗುಣದ ಕೆಳಗೆ ಹಾಳೆಯಲ್ಲಿ ಒಂದು ಸ್ಕಿಲ್ಲೂ ಇಲ್ಲ! ಬಹಳ ಜನ ಡಂಜನ್ ಮಾಸ್ಟರ್‌ಗಳು ಸಿಕ್ಕಿಬೀಳುವುದು ಇಲ್ಲೇ. ಸ್ಕಿಲ್ ಮತ್ತು ಗುಣ ಮದುವೆಯಾದ ಜೋಡಿ ಅಂದುಕೊಂಡಿರುತ್ತಾರೆ. ನಿಯಮ ಪುಸ್ತಕವೇ ಜೋಡಿ ಬದಲಿಸಲು ಒಪ್ಪುತ್ತದೆ. ದ್ವೀಪದಿಂದ ದಡದವರೆಗೆ ಈಜುವವನಿಗೆ ಅಥ್ಲೆಟಿಕ್ಸ್ ಸ್ಕಿಲ್ಲನ್ನು ಸ್ಟ್ರೆಂತ್, ಅಂದರೆ ತೋಳ್ಬಲದ ಬದಲು ಕಾನ್‌ಸ್ಟಿಟ್ಯೂಷನ್ ಜೊತೆ ಕೂಡಿಸಬಹುದು. ಮೈಬಲ ತೋರಿಸಿ ಹೆದರಿಸುವ ಕಾಡು ಯೋಧ ಬಾರ್ಬೇರಿಯನ್‌ಗೆ ಇಂಟಿಮಿಡೇಶನ್ ಸ್ಕಿಲ್ಲನ್ನು ಕರಿಸ್ಮಾ ಬದಲು ಸ್ಟ್ರೆಂತ್ ಜೊತೆ ಕೊಡಬಹುದು. ಇವೆರಡೂ ಪುಸ್ತಕದಲ್ಲೇ ಇರುವ ಉದಾಹರಣೆಗಳು.

ಹಾಗಾಗಿ ನಾನು ಕೇಳಿದ್ದು ಕಾನ್‌ಸ್ಟಿಟ್ಯೂಷನ್ ಚೆಕ್, ಹೇಗೂ ಇದು ಮೋಸವೇ ಆದ್ದರಿಂದ ಡಿಸೆಪ್ಷನ್ ತರಬೇತಿ ಸೇರಿಸಿ. ಗೆಳೆಯ ಗೊಣಗಿದ. ಗೊಣಗುವುದಕ್ಕೆ ಕಾರಣವೂ ಇತ್ತು. ಅವನ ಕಳ್ಳನಿಗೆ ಕರಿಸ್ಮಾ +3, ಕಾನ್‌ಸ್ಟಿಟ್ಯೂಷನ್ +1, ತರಬೇತಿಗೆ +2. ಗುರಿ 15 ಇಟ್ಟಿದ್ದೆ. ಕರಿಸ್ಮಾ ಆಗಿದ್ದರೆ ದಾಳದಲ್ಲಿ 10 ಬಿದ್ದರೆ ಸಾಕು, ಗೆಲ್ಲುವ ಅವಕಾಶ 55%. ಈಗ 12 ಬೇಕು, 45%. ಆಟಗಾರರು ಯಾವಾಗಲೂ ಜಾಸ್ತಿ ಅಂಕ ಇರುವ ಕಡೆಗೇ ಮಾತು ಎಳೆಯುತ್ತಾರೆ. ತಪ್ಪಲ್ಲ, ನಾನಾದರೂ ಎಳೆಯುತ್ತಿದ್ದೆ. ಆದರೆ ಎಳೆಯುವುದಾದರೆ ಕಥೆಯನ್ನೂ ಬದಲಿಸಬೇಕು. ‘ಸರಿ, ಹಾಗಾದರೆ ಕಿರುಚಿ ಬೀಳು’ ಅಂದೆ. ಕಿರುಚಿದರೆ ಪಕ್ಕದ ಕೋಣೆಯ ಕಾವಲುಗಾರರೂ ಓಡಿ ಬರುತ್ತಾರೆ ಅಂತ ಅವನಿಗೇ ಹೊಳೆಯಿತು. ಸುಮ್ಮನಾದ.

ಗುರಿ ಎಷ್ಟು?

ಪುಸ್ತಕದ ಏಣಿ ಸುಲಭ: 5 ಬಹಳ ಸುಲಭ, 10 ಸುಲಭ, 15 ಮಧ್ಯಮ, 20 ಕಷ್ಟ, 25 ತುಂಬಾ ಕಷ್ಟ, 30 ಹೆಚ್ಚುಕಡಿಮೆ ಅಸಾಧ್ಯ. ನಾನು 10, 15, 20 ಬಿಟ್ಟು ಆಚೆ ಹೋಗುವುದೇ ಅಪರೂಪ. ಉಪಾಯ ಚೆನ್ನಾಗಿದ್ದರೆ ಗುರಿ ಇಳಿಸುವ ಬದಲು ಅಡ್ವಾಂಟೇಜ್ ಕೊಡುತ್ತೇನೆ. ಎರಡು ದಾಳ ಉರುಳಿಸಿ, ದೊಡ್ಡದನ್ನು ಇಟ್ಟುಕೊಳ್ಳುವುದು. ಮುಖಕ್ಕೆ ಬೂದಿ ಬಳಿದುಕೊಂಡಿದ್ದರೆ ಕಳ್ಳನಿಗೂ ಸಿಗುತ್ತಿತ್ತು, 45% ಸುಮಾರು 70% ಆಗುತ್ತಿತ್ತು.

ಇನ್ನೊಂದು ವಿಷಯ. 20 ಬಿದ್ದರೆ ಏನು ಬೇಕಾದರೂ ಆಗುತ್ತದೆ ಅಂತ ಹಲವರು ನಂಬಿದ್ದಾರೆ. ಆ ನಿಯಮ ಇರುವುದು ಆಯುಧ ಬೀಸುವಾಗ, ಚೆಕ್‌ಗೆ ಅಲ್ಲ. ಚಂದ್ರನಿಗೆ ಹಾರುತ್ತೇನೆ ಅಂದವನಿಗೆ ದಾಳ ಕೊಡಲೇಬೇಡಿ. ಹಾಗೆಯೇ, ಸೋತರೂ ಏನೂ ಆಗದ ಕಡೆ ಚೆಕ್ ಬೇಡ, ಆಯಿತು ಅಂದುಬಿಡಿ.

ಒಬ್ಬ ಸೋತ ತಕ್ಷಣ ‘ನಾನೂ ನೋಡ್ತೀನಿ’ ಅನ್ನುವವರ ಸಾಲು ಶುರುವಾಗುತ್ತದಲ್ಲ, ಅದನ್ನೂ ತಡೆಯಿರಿ. 30% ಅವಕಾಶದ ಕೆಲಸವನ್ನು ನಾಲ್ವರು ಪ್ರಯತ್ನಿಸಿದರೆ ಯಾರಾದರೊಬ್ಬರು ಗೆಲ್ಲುವ ಅವಕಾಶ 76%. ಕಷ್ಟದ ಬೀಗ ಎಲ್ಲಿ ಉಳಿಯಿತು? ಒಬ್ಬ ಮಾಡಲಿ, ಇನ್ನೊಬ್ಬ ನೆರವಾಗಲಿ. ನೆರವಿಗೂ ಅಡ್ವಾಂಟೇಜ್ ಇದೆ.

ಸೋತರೆ ಏನು, ಮೊದಲೇ ಯೋಚಿಸಿ

ದಾಳ ಬೀಳುವ ಮುಂಚೆ ಸೋಲಿನ ಕಥೆ ನಿಮ್ಮ ತಲೆಯಲ್ಲಿರಬೇಕು. ‘ಆಗಲಿಲ್ಲ’ ಅಂದರೆ ಆಟ ಅಲ್ಲೇ ನಿಲ್ಲುತ್ತದೆ, ಕೈದಿಗಳು ಗೋಡೆ ನೋಡುತ್ತಾ ಕೂರಬೇಕು. ಹಾಗಾಗಿ ನಾನು ಮೊದಲೇ ನಿರ್ಧರಿಸಿದ್ದೆ: ಗೆದ್ದರೂ ಸೋತರೂ ಬಾಗಿಲು ತೆರೆಯುತ್ತದೆ. ಗೆದ್ದರೆ ಕಾವಲುಗಾರ ಕೈ ಬೀಸಿಕೊಂಡು ಒಳಗೆ ಬರುತ್ತಾನೆ, ಸೋತರೆ ಭರ್ಜಿ ಹಿಡಿದು.

ದಾಳದಲ್ಲಿ 8 ಬಿತ್ತು. ಎಲ್ಲ ಸೇರಿ 11. ಕಾವಲುಗಾರ ಬೀಗ ತೆಗೆದ, ಬಗ್ಗಿ ನೋಡಿದ, ಭರ್ಜಿಯ ತುದಿಯಿಂದ ಕಳ್ಳನ ಅಂಗಾಲಿಗೆ ಮೆಲ್ಲಗೆ ಕಚಗುಳಿ ಇಟ್ಟ.

‘ಈಗ ಯಾವ ಚೆಕ್?’ ಅಂತ ಗೆಳೆಯ ಕೇಳಿದ. ‘ನೀನು ಏನ್ಮಾಡ್ತೀಯ ಹೇಳು’ ಅಂದೆ.