ಘನ ಇಂಧನ ರಾಕೆಟ್‌ನ ದಹನ ಅಸ್ಥಿರತೆ: ಒತ್ತಡದ ದಾಖಲೆಯನ್ನು ಓದುವ ಬಗೆ

ಮೋಟಾರಿನೊಳಗೆ ಉರಿಯುವ ಅನಿಲದ ಒತ್ತಡ ಲಯಬದ್ಧವಾಗಿ ಏರಿಳಿಯುವುದೇ ದಹನ ಅಸ್ಥಿರತೆ. ನೆಲಪರೀಕ್ಷೆ ಮುಗಿದ ಮೇಲೆ ಮೋಟಾರಿನ ಒತ್ತಡದ ರೇಖೆ ನುಣುಪಾಗಿದೆಯೆಂದು ಸಮಾಧಾನಪಡಬಾರದು. ಸರಾಸರಿ ಒತ್ತಡದ ಶೇಕಡ ಒಂದರಷ್ಟೂ ಇಲ್ಲದ ಏರಿಳಿತವು ದೊಡ್ಡ ಮೋಟಾರಿನಲ್ಲಿ ಸಾವಿರಾರು ಕಿಲೋಗ್ರಾಂ ಬಲದ ಅಲುಗಾಟವಾಗಿ ಇಡೀ ರಾಕೆಟ್ಟನ್ನು ನಡುಗಿಸಬಲ್ಲದು.

ದಾಖಲೆ ತೆರೆಯುವ ಮುನ್ನವೇ ಯಾವ ಆವರ್ತನವನ್ನು ಹುಡುಕಬೇಕೆಂದು ಲೆಕ್ಕ ಹಾಕಿಟ್ಟುಕೊಳ್ಳಿ. ಉರಿಯುವ ಕೋಣೆಯ ತಲೆಭಾಗ ಮುಚ್ಚಿರುತ್ತದೆ. ಹಿಂತುದಿಯಲ್ಲಿ ಅನಿಲ ಹೊರಬರುವ ನಾಜಲ್‌ನ ಕಂಠದಲ್ಲಿ, ಅಂದರೆ ಅದರ ಅತಿ ಕಿರಿದಾದ ಭಾಗದಲ್ಲಿ, ಅನಿಲವು ಶಬ್ದದ ವೇಗ ಮುಟ್ಟುವುದರಿಂದ ಆ ತುದಿಯೂ ಹೆಚ್ಚುಕಡಿಮೆ ಮುಚ್ಚಿದ ತುದಿಯಂತೆಯೇ ವರ್ತಿಸುತ್ತದೆ. ಆದ್ದರಿಂದ ಅನಿಲದೊಳಗಿನ ಶಬ್ದವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಉದ್ದುದ್ದದ ಮೊದಲ ಕಂಪನದ ಆವರ್ತನ ಸಿಗುತ್ತದೆ. ಅಲ್ಯೂಮಿನಿಯಂ ಬೆರೆತ ಇಂಧನದಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 1,000ದಿಂದ 1,100 ಮೀಟರ್. ಸ್ಪೇಸ್ ಷಟಲ್‌ನ ನಾಲ್ಕು ಖಂಡಗಳನ್ನು (ಇಂಧನ ತುಂಬಿದ ಕೊಳವೆಗಳನ್ನು) ಜೋಡಿಸಿದ ಬೂಸ್ಟರಿನಲ್ಲಿ ಆವರ್ತನ ಸುಮಾರು 15 ಹರ್ಟ್ಸ್ ಇತ್ತು. ನಾಸಾ ರೂಪಿಸುತ್ತಿದ್ದ ಏರೀಸ್ 1 ರಾಕೆಟ್ಟಿಗಾಗಿ ಐದನೇ ಖಂಡ ಸೇರಿಸಿದಾಗ ಅದು ಸುಮಾರು 12ಕ್ಕೆ ಇಳಿದು, ರಾಕೆಟ್ಟಿನ ಒಡಲಿನದೇ ಸಹಜ ಕಂಪನಕ್ಕೆ ಹತ್ತಿರವಾಯಿತು.

ಸೆನ್ಸರ್ ಎಲ್ಲಿ ಕೂತಿತ್ತು ಎಂಬುದನ್ನು ತಪ್ಪದೆ ನೋಡಿ. ಮೊದಲ ಕಂಪನದಲ್ಲಿ ಒತ್ತಡದ ಏರಿಳಿತ ಎರಡು ತುದಿಗಳಲ್ಲಿ ಗರಿಷ್ಠವಾಗಿದ್ದು ನಡುವೆ ಸೊನ್ನೆಯಾಗುತ್ತದೆ. ನಡುಭಾಗದ ಸೆನ್ಸರ್ ಎರಡನೆಯ ಕಂಪನವನ್ನು ಚೆನ್ನಾಗಿ ತೋರಿಸಿ ಮೊದಲನೆಯದನ್ನು ಮುಚ್ಚಿಡುತ್ತದೆ. ತಲೆಭಾಗದ ಸೆನ್ಸರಿನ ದಾಖಲೆಯಿಂದಲೇ ಆರಂಭಿಸುವುದು ಮೇಲು.

ನಿಧಾನವಾಗಿ ಬದಲಾಗುವ ಸರಾಸರಿ ಒತ್ತಡವನ್ನು ಕಳೆದು, ಉಳಿದದ್ದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಮಾಡಿ, ಒಂದೊಂದರ ಫೂರಿಯೆ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಏರಿಳಿತ ಎಷ್ಟಿದೆಯೆಂದು ತೋರಿಸುವ ನಕ್ಷೆ) ತೆಗೆದು ಕಾಲಾನುಕ್ರಮದಲ್ಲಿ ಜೋಡಿಸಿ. ಇಡೀ ಉರಿಗೆ ಒಂದೇ ಸ್ಪೆಕ್ಟ್ರಮ್ ತೆಗೆದರೆ ಮುಖ್ಯ ಸುಳಿವೇ ಕಳೆದುಹೋಗುತ್ತದೆ. ಇಂಧನ ಉರಿದು ಅದರ ನಡುವಿನ ಪೊಳ್ಳು ನಾಳ ಅಗಲವಾದಂತೆ ಹರಿವಿನ ವೇಗ ತಗ್ಗುತ್ತದೆ. ಸ್ಪೆಕ್ಟ್ರಮ್‌ನ ಶಿಖರವು ಅದರ ಜೊತೆಗೆ ಕೆಳಗೆ ಜಾರುತ್ತ, ಲೆಕ್ಕ ಹಾಕಿದ ಆವರ್ತನದ ಬಳಿ ಬಂದಾಗ ಬಲಗೊಂಡರೆ, ಖಂಡಗಳ ನಡುವೆ ಇಂಧನದ ತುದಿ ಉರಿಯದಂತೆ ಹಚ್ಚಿದ ತಡೆಪದರಗಳಂಥ ಅಂಚುಗಳಿಂದ ಕಳಚುವ ಸುಳಿಗಳನ್ನು ಮೊದಲು ಶಂಕಿಸಬೇಕು. ಶಿಖರವು ಸ್ಥಿರವಾಗಿದ್ದು ಅದರ ಎತ್ತರ ಮಾತ್ರ ಘಾತೀಯವಾಗಿ ಬೆಳೆದರೆ, ಉರಿಯುವ ಮೇಲ್ಮೈಯೇ ಒತ್ತಡಕ್ಕೆ ಸ್ಪಂದಿಸಿ ಶಕ್ತಿಯೂಡುತ್ತಿರುವ ಸಂಭವ ಹೆಚ್ಚು. ಏರಿಳಿತದೊಂದಿಗೆ ಸರಾಸರಿ ಒತ್ತಡವೂ ಮೇಲೇರಿದ್ದರೆ ಕವಚಕ್ಕೇ ಅಪಾಯವಿದೆಯೆಂದು ತಿಳಿದು, ಕಾರಣ ಸಿಗುವವರೆಗೆ ಆ ವಿನ್ಯಾಸವನ್ನು ಮತ್ತೆ ಉರಿಸಬಾರದು.

ಪರಿಹಾರವನ್ನು ಆವರ್ತನ ನೋಡಿ ಆರಿಸಿ. ಇಂಧನದ ಅಲ್ಯೂಮಿನಿಯಂ ಉರಿದಾಗ ಹುಟ್ಟುವ ಅಲ್ಯೂಮಿನಿಯಂ ಆಕ್ಸೈಡಿನ ಸೂಕ್ಷ್ಮ ಹನಿಗಳು ನೂರಾರು, ಸಾವಿರಾರು ಹರ್ಟ್ಸ್‌ನ ಕಂಪನವನ್ನು ಚೆನ್ನಾಗಿ ಹೀರುತ್ತವೆ. 12 ಹರ್ಟ್ಸ್‌ನಲ್ಲಿ ಅವು ಅನಿಲದೊಂದಿಗೇ ತೂಗಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಏರೀಸ್ 1ರ ಎಂಜಿನಿಯರುಗಳು ಇಂಧನದ ಮಿಶ್ರಣವನ್ನು ಬದಲಿಸುವ ಬದಲು ರಾಕೆಟ್ಟಿನ ಒಡಲಿನಲ್ಲೇ ಕಂಪನಶಾಮಕಗಳನ್ನು ಅಳವಡಿಸುವ ದಾರಿ ಹಿಡಿದದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ.