ಮೊದಲು ಜೊಲ್ಲು, ಆಮೇಲೆ ಸಿಮೆಂಟು

ಚಿಂತಾಮಣಿಯಲ್ಲಿ ಹಲ್ಲಿನ ಡಾಕ್ಟರ್ ಆಗಿ ಕೂತ ಮೇಲೆ ಹುಳುಕು ಹಲ್ಲಿಗೆ ತುಂಬುವ ಸಿಮೆಂಟು, ಅಂದರೆ ಫಿಲ್ಲಿಂಗ್ ಬಗ್ಗೆ ನಾನು ಜಾಸ್ತಿ ಕೇಳಿಸಿಕೊಂಡ ಪ್ರಶ್ನೆ ಇದು: "ಮೇಡಂ, ಬಿಳೀದು ಹಾಕ್ತೀರೋ ಬೆಳ್ಳೀದೋ? ಯಾವ್ದು ಗಟ್ಟಿ?" ಉತ್ತರ ಹೇಳುವ ಮೊದಲು ನಾನು ಕೆನ್ನೆ ಎಳೆದು, ಹುಳುಕು ಹಲ್ಲಿನ ಪಕ್ಕ ಒಂದು ಹತ್ತಿ ರೋಲ್ ಇಟ್ಟು ಸುಮ್ನೆ ನೋಡುತ್ತೇನೆ. ಸ್ವಲ್ಪ ಹೊತ್ತಿಗೇ ಹತ್ತಿ ತೊಯ್ದು ತೊಪ್ಪೆಯಾದರೆ ನನ್ನ ಲೆಕ್ಕ ಒಂದು. ಒಣಗೇ ಇದ್ದರೆ ಇನ್ನೊಂದು. ಎಷ್ಟೋ ಸಲ ಯಾವ ಸಿಮೆಂಟು ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ ಫಿಲ್ಲಿಂಗ್ ಎಲ್ಲರಿಗೂ ಇಷ್ಟ. ನನಗೂ ಇಷ್ಟ. ಆದರೆ ಅದು ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಮೊದಲು 37 ಪರ್ಸೆಂಟ್ ಫಾಸ್ಫಾರಿಕ್ ಆಸಿಡ್ ಇರುವ ಜೆಲ್ ಅನ್ನು 15–20 ಸೆಕೆಂಡ್ ಹಚ್ಚಿ ತೊಳೆಯಬೇಕು. ಆಸಿಡ್ ಎನಾಮಲ್ ಮೇಲೆ, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಮಾಡುತ್ತದೆ. ಬಾಂಡಿಂಗ್ ದ್ರವ ಆ ಗುಳಿಗಳಿಗೆ ಇಳಿದು, ನೀಲಿ ಲೈಟ್ ಹಿಡಿದಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. 1955ರಲ್ಲಿ ಅಮೆರಿಕದ ದಂತವೈದ್ಯ ಬುವೊನೊಕೋರ್ ಹಾಕಿಕೊಟ್ಟ ದಾರಿ ಇದು, ಇವತ್ತಿಗೂ ಅದರಲ್ಲೇ ನಡೆಯುತ್ತಿದ್ದೇವೆ. ತೊಳೆದು ಒಣಗಿಸಿದ ಮೇಲೆ ರೋಗಿಯ ನಾಲಿಗೆ ಒಂದ್ಸಲ ತಾಕಿತೋ, ಮುಗೀತು. ಗುಳಿ ತುಂಬ ಜೊಲ್ಲು. ಮತ್ತೆ ಆಸಿಡ್‌ನಿಂದ ಶುರು.

ರಬ್ಬರ್ ಡ್ಯಾಮ್ ಕಟ್ಟಿದರೆ ಈ ತಾಪತ್ರಯ ಇಲ್ಲ. ಹಲ್ಲಿಗೆ ಕ್ಲಾಂಪ್ ಹಾಕಿ ತೆಳು ರಬ್ಬರ್ ಹಾಳೆ ಕಟ್ಟೋದು, ಹಲ್ಲು ಮಾತ್ರ ಮೇಲೆ ಕಾಣುತ್ತದೆ. ಕೂರುವ ಕಡೆ ನಾನು ಕಟ್ಟೇ ಕಟ್ಟುತ್ತೇನೆ. ಆದರೆ ಅರ್ಧ ಮೂಡಿದ ದವಡೆ ಹಲ್ಲಿಗೆ, ಒಸಡಿನ ಕೆಳಗೆ ಇಳಿದ ಹುಳುಕಿಗೆ ಅದು ಸರಿಯಾಗಿ ಕೂರುವುದಿಲ್ಲ. ಅಂಥ ಕಡೆ ಹಠ ಹಿಡಿದು ಕಾಂಪೋಸಿಟ್ ಹಾಕಿದರೆ ಆ ದಿನ ಚೆಂದ ಕಾಣುತ್ತದೆ. ಆಮೇಲೆ ಅಂಚಲ್ಲಿ ಸಂದು ಬಿಟ್ಟು ಒಳಗಿಂದ ಮತ್ತೆ ಹುಳುಕು ಶುರುವಾಗುತ್ತದೆ. ದುಡ್ಡು ಜಾಸ್ತಿ ಕೊಟ್ಟವರಿಗೇ ಮೋಸ ಆದ ಹಾಗೆ, ಅಲ್ವಾ?

ನಮ್ಮ ಕಡೆ ಇನ್ನೊಂದು ತೊಡಕಿದೆ, ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅನ್ನುತ್ತದೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್. ಬಾಗೇಪಲ್ಲಿ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಎಷ್ಟೋ ಕಡೆ ಈ ಗೆರೆ ದಾಟಿರುತ್ತದೆ. ಆ ನೀರು ಕುಡಿದು ಬೆಳೆದವರ ಹಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ಕೆಲವರಿಗೆ ಕಂದು ಕಲೆ, ಇನ್ನು ಕೆಲವರಿಗೆ ಚೂರು ಚೂರೇ ಉದುರಿದ ಎನಾಮಲ್.

ಇಂಥ ಹಲ್ಲಿನ ಹೊರಪದರಕ್ಕೆ ಆಸಿಡ್ ಬೇಗ ಹತ್ತುವುದಿಲ್ಲ. ಮಾಮೂಲಿ ಹಲ್ಲಾದರೆ ಆಸಿಡ್ ತೊಳೆದು ಗಾಳಿ ಬಿಟ್ಟಾಗ ಹೊಳಪು ಹೋಗಿ ಸೀಮೆಸುಣ್ಣದ ಬಿಳುಪು ಬರುತ್ತದೆ. ಆ ಬಿಳುಪು ಕಂಡರೆ ಕೆಲಸ ಆಗಿದೆ ಅಂತ ಅರ್ಥ. ಫ್ಲೋರೋಸಿಸ್ ಹಲ್ಲು, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹೀಗೆ ಕೆಟ್ಟ ಹಲ್ಲು, ಮೊದಲೇ ಬೆಳ್ಳಗೆ ಮಂಕಾಗಿ ಇರುತ್ತದಲ್ಲ, ಅಲ್ಲಿ ಈ ಗುರುತು ನಂಬುವ ಹಾಗಿಲ್ಲ. ಅದಕ್ಕೆ ನಾನು ಡ್ರಿಲ್ ತುದಿಗೆ ಹಾಕುವ ಸಣ್ಣ ಡೈಮಂಡ್ ಬರ್‌ನಿಂದ ಮೇಲ್ಪದರವನ್ನು ಒಂಚೂರು ಉಜ್ಜಿ, ಆಸಿಡ್ ಅನ್ನು ಇನ್ನಷ್ಟು ಹೊತ್ತು ಬಿಡುತ್ತೇನೆ. ಮುಂದಿನ ಹಲ್ಲಿಗಾದರೆ ಇಷ್ಟು ಪಾಡು ಪಟ್ಟಾದರೂ ಕಾಂಪೋಸಿಟ್ಟೇ. "ಹೆಣ್ಣು ನೋಡೋಕೆ ಬರ್ತಿದ್ದಾರೆ ಮೇಡಂ, ಅಷ್ಟರಲ್ಲಿ ಈ ಕಲೆ ಮುಚ್ಚಿಕೊಡಿ" ಅಂತ ತಾಯಂದಿರು ಮಗಳನ್ನು ಕರೆದುಕೊಂಡು ಬಂದಾಗ ಬೇರೆ ಏನು ಹೇಳೋಕಾಗುತ್ತೆ? ಗಂಡಿನ ಹಲ್ಲನ್ನು ಯಾರೂ ನೋಡಲ್ಲ ಅನ್ನೋದು ಬೇರೆ ಮಾತು.

ಒಣಗಿಸೋಕಾಗದ ಹಲ್ಲಿಗೆ ನನ್ನ ಕೈ ಹೋಗುವುದು ಗ್ಲಾಸ್ ಅಯೊನೊಮರ್ ಕಡೆಗೆ. ನಾವು ಜಿಐಸಿ ಅನ್ನುತ್ತೇವೆ, ಜನ ಬಿಳಿ ಸಿಮೆಂಟು ಅನ್ನುತ್ತಾರೆ. ವಿಲ್ಸನ್ ಮತ್ತು ಕೆಂಟ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ಮಾಡಿದ್ದು, 1970ರ ದಶಕದಲ್ಲಿ ಬಳಕೆಗೆ ಬಂತು. ಗಾಜಿನ ಪುಡಿಗೆ ಒಂದು ಆಮ್ಲದ ದ್ರವ ಸೇರಿಸುವುದು, ಅಷ್ಟೇ. ಹಲ್ಲಲ್ಲಿರುವ ಕ್ಯಾಲ್ಸಿಯಂ ಜೊತೆ ತಾನಾಗಿ ಬೆಸೆದುಕೊಳ್ಳುತ್ತದೆ. ಒಂಚೂರು ತೇವ ಇದ್ದರೂ ತಡೆಯುತ್ತದೆ. ಜೊಲ್ಲು ತುಂಬಿಕೊಂಡು ನಿಂತಿದ್ದರೆ ಇದೂ ಆಗಲ್ಲ.

ಇದರಲ್ಲಿ ಎಲ್ಲ ಇರುವುದು ಕಲಸುವುದರಲ್ಲಿ. ಪುಡಿ ಬಾಟಲಿಯನ್ನು ಮೊದಲು ಕುಲುಕಬೇಕು. ಕಂಪನಿ ಕೊಟ್ಟ ಚಮಚದಲ್ಲಿ ಪುಡಿ ತೆಗೆದು ಮೇಲೆ ಸಮ ಮಾಡಿ ಪ್ಯಾಡ್ ಹಾಳೆ ಮೇಲೆ ಹಾಕಿ ಎರಡು ಪಾಲು ಮಾಡುತ್ತೇನೆ. ದ್ರವದ ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿಯಬೇಕು. ಓರೆಯಾಗಿ ಹಿಡಿದರೆ ಹನಿಯೊಳಗೆ ಗಾಳಿಗುಳ್ಳೆ ಸೇರಿ ಅಳತೆ ತಪ್ಪುತ್ತದೆ. ಆಮೇಲೆ ಪ್ಲಾಸ್ಟಿಕ್ ಸ್ಪ್ಯಾಚುಲಾದಲ್ಲಿ ಮಡಚಿ ಮಡಚಿ ಒತ್ತುವುದು, ಗರಗರ ತಿರುಗಿಸುವುದಲ್ಲ. ಅರ್ಧ ನಿಮಿಷದೊಳಗೆ ಆಗಬೇಕು. ಆದ ಮುದ್ದೆ ಮೇಲೆ ಹಸಿ ಹೊಳಪು ಇರಬೇಕು. ಆ ಹೊಳಪು ಇರುವ ತನಕ ಮಾತ್ರ ಅದರಲ್ಲಿ ಹಲ್ಲಿಗೆ ಬೆಸೆಯಲು ಆಮ್ಲ ಉಳಿದಿರುತ್ತದೆ. ಮಂಕಾಯಿತೋ, ಎಸೆದು ಹೊಸದಾಗಿ ಕಲಸುತ್ತೇನೆ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಕಣ್ಮುಂದೆಯೇ ಮಂಕಾಗುತ್ತದೆ. ನಮ್ಮ ಅಸಿಸ್ಟೆಂಟ್ ಹುಡುಗಿಗೆ ಈ ಹೊಳಪು ಗುರುತಿಸೋದು ಈಗ ನನಗಿಂತ ಚೆನ್ನಾಗಿ ಬರುತ್ತದೆ.

ತುಂಬಿದ ಮೇಲೆ ವ್ಯಾಸಲೀನ್ ಸವರುತ್ತೇನೆ, ಜೊಲ್ಲು ತಾಕಬಾರದು, ಒಣಗಿ ಬಿರುಕೂ ಬಿಡಬಾರದು ಅಂತ. ಒಂದು ದಿನ ಆ ಕಡೆ ಗಟ್ಟಿ ಪದಾರ್ಥ ಬೇಡ. "ರಾತ್ರಿ ಮುದ್ದೆ ತಿನ್ನಬಹುದಾ?" ಅಂತ ಕೇಳುತ್ತಾರೆ. ಧಾರಾಳವಾಗಿ. ಮುದ್ದೆ ನುಂಗೋದು ತಾನೆ, ಹಲ್ಲಿಗೆ ಅಲ್ಲೇನು ಕೆಲಸ? ಹುರಿದ ಕಡಲೆಕಾಯಿ ಮಾತ್ರ ಬೇಡ.

ಜಿಐಸಿ ಕಾಂಪೋಸಿಟ್‌ನಷ್ಟು ಗಟ್ಟಿ ಅಲ್ಲ, ಅಗಿದು ಅಗಿದು ಸವೆಯುತ್ತದೆ. ಹಾಗಾಗಿ ಮಕ್ಕಳ ಹಾಲು ಹಲ್ಲಿಗೆ, ವಯಸ್ಸಾದವರಿಗೆ ಒಸಡು ಕೆಳಗಿಳಿದು ಬೇರಿನ ಹತ್ತಿರ ಆಗುವ ಹುಳುಕಿಗೆ ಹಾಕುತ್ತೇನೆ. ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತದೆ, ಅಲ್ಲಿಯವರೆಗೆ ನಿಂತರೆ ಸಾಕು. ಅದರಿಂದ ಸ್ವಲ್ಪ ಸ್ವಲ್ಪ ಫ್ಲೋರೈಡ್ ಹೊರಬರುತ್ತದೆ, ಪಕ್ಕದ ಹಲ್ಲಿಗೂ ಒಳ್ಳೇದು. ಇದನ್ನು ಹೇಳಿದಾಗ ಬಾಗೇಪಲ್ಲಿ ಕಡೆಯ ಒಬ್ಬ ತಂದೆ ತೆಲುಗಿನಲ್ಲೇ ನನ್ನ ಮೇಲೆ ರೇಗಿದರು. ಫ್ಲೋರೈಡ್‌ನಿಂದಲೇ ಮಗನ ಹಲ್ಲು ಹಾಳಾಗಿದೆ, ನೀವು ಮತ್ತೆ ಅದನ್ನೇ ತುಂಬುತ್ತೀರಾ ಅಂತ. ಕೇಳಿದ್ದು ನ್ಯಾಯವೇ. ಹಲ್ಲು ದವಡೆಯೊಳಗೆ ಇನ್ನೂ ತಯಾರಾಗುವಾಗ ಹೊಟ್ಟೆಗೆ ಹೋದ ಫ್ಲೋರೈಡ್ ಕಲೆ ಮಾಡುತ್ತದೆ. ಮೂಡಿದ ಹಲ್ಲಿನ ಮೇಲೆ ಸಿಮೆಂಟಿನಿಂದ ಬರುವ ಚೂರು ಫ್ಲೋರೈಡ್ ಕಲೆ ಮಾಡುವುದಿಲ್ಲ, ಹುಳುಕು ತಡೆಯುತ್ತದೆ. ನನ್ನ ಹರಕು ತೆಲುಗಿನಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಕುರ್ಚಿ ಮೇಲೆ ನಿದ್ದೆ ಹೋಗಿದ್ದ.

ಇನ್ನು ಬೆಳ್ಳಿ ಫಿಲ್ಲಿಂಗ್. ಅಮಾಲ್ಗಂ. ಬೆಳ್ಳಿ, ತವರ, ತಾಮ್ರ ಸೇರಿದ ಪುಡಿ, ತೂಕದಲ್ಲಿ ಸುಮಾರು ಅರ್ಧ ಪಾದರಸ. ಗಟ್ಟಿತನದಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ, ಜೊಲ್ಲಿಗೂ ಅಷ್ಟಾಗಿ ಹೆದರಲ್ಲ. ಆದರೆ ನಿಲ್ಲಲು ಜಾಗ ಬೇಕು ಅಂತ ಒಳ್ಳೆ ಹಲ್ಲನ್ನೂ ಕೊರೆಯಬೇಕು. ಪಾದರಸ ಕಡಿಮೆ ಮಾಡಬೇಕು ಅನ್ನುವ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ನಾನು ಹೊಸದಾಗಿ ಹಾಕುವುದನ್ನು ಬಿಟ್ಟಿದ್ದೇನೆ. ಹಳೇದು ಇರುವವರು ಹೆದರಿ ತೆಗೆಸಬೇಡಿ. ಅಂಚು ಸರಿಯಿದ್ದರೆ ಹಾಗೇ ಇರಲಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು.

ಲವಂಗದೆಣ್ಣೆ ವಾಸನೆಯ ತಾತ್ಕಾಲಿಕ ಸಿಮೆಂಟಿನ ಬಗ್ಗೆ ಒಂದು ಮಾತು. ಹಾಕಿದ ಕೂಡಲೇ ಹಾಯೆನಿಸುತ್ತದೆ, ನೋವು ಹೋದ ಮೇಲೆ ಯಾರು ತಿರುಗಿ ಬರ್ತಾರೆ? ಬೇರೆ ಕಡೆ ಅದನ್ನು ಹಾಕಿಸಿಕೊಂಡಿದ್ದರೆ ನನಗೆ ಮೊದಲೇ ಹೇಳಿಬಿಡಿ. ಅದರಲ್ಲಿರುವ ಲವಂಗದೆಣ್ಣೆಯ ಅಂಶ ಯೂಜೆನಾಲ್ ಉಳಿದಿದ್ದರೆ ಮೇಲೆ ಹಾಕುವ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ತಣ್ಣೀರು ಕುಡಿದಾಗ ಜುಮ್ಮಂದು ತಕ್ಷಣ ಬಿಟ್ಟರೆ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ಬಿಸಿ ಕಾಫಿಗೆ ನೋವು ಎದ್ದು ಬಹಳ ಹೊತ್ತು ಎಳೆದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಒಳಗಿನ ನರ ಕೆಟ್ಟಿದೆ. ಆಗ ಯಾವ ಸಿಮೆಂಟೂ ಬೇಡ, ರೂಟ್ ಕೆನಾಲ್ ಮಾತಾಡೋಣ.

ಕೊನೆಗೆ ನೀಲಿ ಕಾಗದ ಕಚ್ಚಿಸಿ ಎತ್ತರ ನೋಡುತ್ತೇನೆ. ಮರಗಟ್ಟಿದ ಬಾಯಲ್ಲಿ ಕಚ್ಚಿದ್ದು ಸರಿಯಾಗಿ ಗೊತ್ತಾಗಲ್ಲ. ಮರಗಟ್ಟಿದ್ದು ಇಳಿದ ಮೇಲೆ ಊಟ ಮಾಡುವಾಗ ಆ ಹಲ್ಲೇ ಮೊದಲು ತಾಕಿದರೆ "ತಾನಾಗಿ ಸರಿಹೋಗುತ್ತೆ" ಅಂತ ಕಾಯಬೇಡಿ. ಬನ್ನಿ, ಎರಡು ನಿಮಿಷದ ಕೆಲಸ, ಉಜ್ಜಿ ಕಳಿಸುತ್ತೇನೆ. ಅದಕ್ಕೆ ಫೀಸ್ ಇಲ್ಲ.