ಕನ್ನಡ ಪುಟಕ್ಕೆ ಡಮ್ಮಿ ಮ್ಯಾಟರ್ ಸಿದ್ಧಪಡಿಸಿಕೊಳ್ಳುವ ಬಗೆ

ಪುಟವಿನ್ಯಾಸ ಆರಂಭವಾಗುವ ಹೊತ್ತಿಗೆ ಲೇಖನ ಕೈಗೆ ಬಂದಿರುವುದು ಅಪರೂಪ. ಲೇಖಕರು ಇನ್ನೂ ಬರೆಯುತ್ತಿರುತ್ತಾರೆ, ಜಾಹೀರಾತಿನ ಒಕ್ಕಣೆಗೆ ಇನ್ನೂ ಒಪ್ಪಿಗೆ ಸಿಕ್ಕಿರುವುದಿಲ್ಲ. ಮಾದರಿ ಪುಟವನ್ನು ಮಾತ್ರ ನಾಳೆಯೇ ತೋರಿಸಬೇಕಾಗಿರುತ್ತದೆ. ಆಗ ಬರಹದ ಜಾಗದಲ್ಲಿ ತಾತ್ಕಾಲಿಕವಾಗಿ ತುಂಬುವ ಪಠ್ಯವನ್ನು ಡಿಟಿಪಿ ಮಂದಿ ಡಮ್ಮಿ ಮ್ಯಾಟರ್ ಎನ್ನುತ್ತಾರೆ. ಇದಕ್ಕೆ ಎಲ್ಲೆಡೆ ಬಳಕೆಯಲ್ಲಿರುವುದು ‘ಲೋರೆಮ್ ಇಪ್ಸಮ್’ ಎಂದು ಶುರುವಾಗುವ ಲ್ಯಾಟಿನ್ ತುಣುಕು. ಕನ್ನಡ ಕೆಲಸಕ್ಕೆ ಅದು ಸಾಲದು. ಏಕೆ ಸಾಲದು ಎಂಬುದು ಅದರ ಹಿನ್ನೆಲೆಯಿಂದಲೇ ಅರ್ಥವಾಗುತ್ತದೆ.

ಆ ತುಣುಕಿನ ಮೂಲ, ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ‘ದೆ ಫಿನಿಬುಸ್ ಬೊನೋರುಮ್ ಎತ್ ಮಲೋರುಮ್’ ಎಂಬ ತತ್ತ್ವಗ್ರಂಥ. ನೋವನ್ನು ನೋವೆಂಬ ಕಾರಣಕ್ಕೇ ಬಯಸುವವರು ಯಾರೂ ಇಲ್ಲ ಎಂಬ ಅರ್ಥದ ವಾಕ್ಯವೊಂದು ಅದರಲ್ಲಿದೆ. ನೋವನ್ನು ಸೂಚಿಸುವ ‘ದೊಲೋರೆಮ್’ ಎಂಬ ಪದದ ತಲೆ ಹಾರಿಹೋಗಿ ‘ಲೋರೆಮ್’ ಉಳಿದುಕೊಂಡಿದೆ. ಇದನ್ನು ಪತ್ತೆ ಹಚ್ಚಿದವರು ಅಮೆರಿಕದ ವರ್ಜೀನಿಯಾದ ಹ್ಯಾಂಪ್ಡೆನ್-ಸಿಡ್ನಿ ಕಾಲೇಜಿನಲ್ಲಿದ್ದ ಲ್ಯಾಟಿನ್ ವಿದ್ವಾಂಸ ರಿಚರ್ಡ್ ಮೆಕ್ಲಿಂಟಾಕ್. ‘ಕಾನ್ಸೆಕ್ಟೆಟುರ್’ ಎಂಬ ಅಪರೂಪದ ಪದದ ಜಾಡು ಹಿಡಿದು ಅವರು ಸಿಸೆರೊವರೆಗೆ ಹೋದರು. 1914ರಲ್ಲಿ ಲೋಬ್ ಎಂಬ ಗ್ರಂಥಮಾಲಿಕೆಯಲ್ಲಿ ಪ್ರಕಟವಾದ ಸಿಸೆರೊ ಗ್ರಂಥದ ಆವೃತ್ತಿಯಲ್ಲಿ ‘ದೊಲೋರೆಮ್’ ಪದದ ‘ದೊ’ 34ನೆಯ ಪುಟದ ಕೊನೆಯಲ್ಲಿ ನಿಂತಿದೆ. ಎದುರು ಪುಟ ಇಂಗ್ಲಿಷ್ ಅನುವಾದಕ್ಕೆ ಮೀಸಲಾದ್ದರಿಂದ ‘ಲೋರೆಮ್’ 36ನೆಯ ಪುಟದ ತಲೆಗೆ ಹೋಗಿದೆ. ಹದಿನಾರನೆಯ ಶತಮಾನದ ಯಾರೋ ಮುದ್ರಕ ಇದನ್ನು ಕಲಸಿಟ್ಟನೆಂಬ ಕಥೆ ಬಹಳ ಕಡೆ ಕಾಣಸಿಗುತ್ತದೆಯಾದರೂ, ಈ ಪುಟ ಒಡೆದಿರುವ ರೀತಿಯನ್ನು ನೋಡಿದ ಮೇಲೆ ನನಗಂತೂ ಅದರಲ್ಲಿ ನಂಬಿಕೆ ಉಳಿದಿಲ್ಲ. ಪಠ್ಯ ಜನಪ್ರಿಯವಾದದ್ದು ಲೆಟ್ರಾಸೆಟ್ ಕಂಪನಿಯ, ಉಜ್ಜಿ ಅಂಟಿಸುವ ಅಕ್ಷರದ ಹಾಳೆಗಳಿಂದ. 1985ರಲ್ಲಿ ಬಂದ ಆಲ್ಡಸ್ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ ಅದನ್ನು ಕಂಪ್ಯೂಟರಿಗೆ ತಂದಿತು.

ಅರ್ಥವಾಗದಿರುವುದೇ ಅದರ ಗುಣ. ಓದಬಲ್ಲ ಮ್ಯಾಟರ್ ಕಂಡರೆ ಗ್ರಾಹಕರು ವಿನ್ಯಾಸವನ್ನು ಬಿಟ್ಟು ಪೆನ್ನು ಹಿಡಿದು ಪ್ರೂಫ್ ನೋಡಲು ಕೂರುತ್ತಾರೆ. ಆದರೆ ಅರ್ಥವಿಲ್ಲದಿದ್ದರೂ ಅದಕ್ಕೆ ರೋಮನ್ ಲಿಪಿಯ ಮೈಕಟ್ಟು ಇದೆ, ಕನ್ನಡದ್ದಿಲ್ಲ. ಲ್ಯಾಟಿನ್ ಸಾಲಿನಲ್ಲಿ ಒತ್ತಕ್ಷರವಿಲ್ಲ, ಗುಡಿಸು ದೀರ್ಘಗಳಿಲ್ಲ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯಲ್ಲಿ ತಕಾರಕ್ಕೆ ರಕಾರ, ಯಕಾರ ಎರಡೂ ಒತ್ತುಗಳು ಸೇರುತ್ತವೆ; ‘ಕೈ’ ಎಂದು ಬರೆದರೂ ಐತ್ವದ ಬಾಲ ಕೆಳಗಿಳಿಯುತ್ತದೆ. ಸಾಲುಗಳ ಅಂತರ ಕಡಿಮೆಯಿದ್ದರೆ ಇವು ಕೆಳಗಿನ ಸಾಲಿನ ‘ಧೀ’ಯ ತಲೆಗೆ ತಾಗುತ್ತವೆ. ಇನ್ನೊಂದು ತೊಡಕೂ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳು ಕೂತಿರುವುದರಿಂದ, ಅಲ್ಲಿ ಲೋರೆಮ್ ಇಪ್ಸಮ್ ತುಂಬಿದರೆ ಕನ್ನಡದಂತೆ ಕಾಣುವ, ಯಾವ ಅಕ್ಷರವೂ ಆಗದ ಗೀಚು ಮೂಡುತ್ತದೆ. ಅದನ್ನು ನೋಡಿ ಪುಟದ ಬಣ್ಣವನ್ನಾಗಲಿ (ಅಕ್ಷರಗಳಿಂದ ಪುಟ ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದನ್ನು) ಸಾಂದ್ರತೆಯನ್ನಾಗಲಿ ತೀರ್ಮಾನಿಸಬಾರದು.

ಆದ್ದರಿಂದ ನಿಮ್ಮದೇ ಮ್ಯಾಟರನ್ನು ಒಮ್ಮೆ ಮಾಡಿಟ್ಟುಕೊಳ್ಳಿ. ಕೆಲಸಕ್ಕೆ ಹೊಂದುವ ಹಳೆಯ ಬರಹವೊಂದನ್ನು ತೆಗೆದುಕೊಳ್ಳಿ: ಪತ್ರಿಕೆಗಾದರೆ ನೀವೇ ಹಿಂದೆ ಅಚ್ಚು ಮಾಡಿದ ಸುದ್ದಿ, ಪಠ್ಯಪುಸ್ತಕಕ್ಕಾದರೆ ಹಳೆಯ ಪಾಠ. ಅದರ ವಿಭಕ್ತಿ, ಕ್ರಿಯಾಪದಗಳನ್ನು ಹಾಗೆಯೇ ಉಳಿಸಿ, ನಾಮಪದಗಳನ್ನು ಮಾತ್ರ ಅದಲುಬದಲು ಮಾಡಿ. ನನ್ನ ಕಡತದ ಒಂದು ವಾಕ್ಯ ಹೀಗಿದೆ: ‘ಹೊಳೆಯಂಚಿನ ವೈಶಿಷ್ಟ್ಯಗಳಿಗೆ ನಿನ್ನೆಯ ಮಜ್ಜಿಗೆಯು ಸ್ವಾತಂತ್ರ್ಯವನ್ನು ಹೊಲಿಸಿಕೊಟ್ಟಿರುವುದರಿಂದ, ರಾಷ್ಟ್ರದ ಸೂರ್ಯನು ಕೈಚೀಲದೊಳಗೆ ಧೀರವಾಗಿ ಉತ್ತರಿಸತಕ್ಕದ್ದು.’ ಕಣ್ಣಿಗೆ ಅಪ್ಪಟ ಕನ್ನಡ, ತಿದ್ದಲು ಅದರಲ್ಲೇನೂ ಇಲ್ಲ. ‘ಹೊಲಿಸಿಕೊಟ್ಟಿರುವುದರಿಂದ’ ಎಂಬಂಥ ಉದ್ದನೆಯ ಪದಗಳು ಇರಲೇಬೇಕು. ಕಿರಿದಾದ ಕಾಲಮ್ಮಿನಲ್ಲಿ ಎರಡೂ ಅಂಚುಗಳನ್ನು ಸಮ ಮಾಡಿದಾಗ ಪದಗಳ ನಡುವೆ ಎಷ್ಟು ಬಿಳಿ ಕಂಡಿಗಳು ತೆರೆದುಕೊಳ್ಳುತ್ತವೆ ಎಂಬುದನ್ನು ತೋರಿಸುವುದು ಅವೇ. ಒತ್ತಕ್ಷರಗಳನ್ನು ಬೇಕೆಂದೇ ಹೆಚ್ಚು ತುರುಕಬೇಡಿ, ಪುಟ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರು ಮ್ಯಾಟರ್ ಸುರಿಯುವ ಮೊದಲು ಪ್ಯಾರಾಗ್ರಾಫ್ ಪ್ಯಾನಲಿನ ಮೆನುವಿನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿರಬೇಕು, ಇಲ್ಲವಾದರೆ ಯೂನಿಕೋಡ್ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲಬಹುದು. ಆ ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇ. 120, ಅಂದರೆ 11 ಪಾಯಿಂಟಿನ ಅಕ್ಷರಕ್ಕೆ 13.2. ನಾನು ಕನ್ನಡಕ್ಕೆ 16ರಿಂದ ಆರಂಭಿಸಿ, ಒತ್ತುಗಳು ಕೆಳಗಿನ ಸಾಲಿಗೆ ತಾಗದಷ್ಟರಮಟ್ಟಿಗೆ ಇಳಿಸುತ್ತ ಬರುತ್ತೇನೆ. ಫಾಂಟ್ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ.

ಶೀರ್ಷಿಕೆ, ಹೆಸರು, ಕೋಷ್ಟಕಗಳಿಗೆ ಈ ಮ್ಯಾಟರ್ ಬೇಡ. ಅಲ್ಲಿ ಬರಬಹುದಾದ ಅತಿ ಉದ್ದದ ಮತ್ತು ಅತಿ ಚಿಕ್ಕ ನಿಜವಾದ ಪದಗಳನ್ನೇ ಹಾಕಿ. ಊರಿನ ಅಂಕಣವಾದರೆ ಒಂದು ಸಾಲಿನಲ್ಲಿ ಚಿಕ್ಕನಾಯಕನಹಳ್ಳಿ, ಇನ್ನೊಂದರಲ್ಲಿ ಶಿರಾ.

ಕೊನೆಯದಾಗಿ, ಡಮ್ಮಿ ಅಚ್ಚಿಗೆ ಹೋಗದಂತೆ ನೋಡಿಕೊಳ್ಳಬೇಕು. ಒಂದು ಸ್ಮರಣ ಸಂಚಿಕೆಯಲ್ಲಿ ಅಧ್ಯಕ್ಷರ ಭಾವಚಿತ್ರದ ಕೆಳಗೆ ನಾನೇ ತುಂಬಿದ್ದ ‘ಇವರ ಬಗ್ಗೆ ನಾಲ್ಕು ಒಳ್ಳೆಯ ಮಾತು’ ಎಂಬ ಸಾಲು ಹಾಗೆಯೇ ಮುದ್ರಣವಾಗಿ, ಐನೂರು ಪ್ರತಿಗಳಿಗೆ ಚೀಟಿ ಅಂಟಿಸಿದ್ದೇನೆ. ಅಂದಿನಿಂದ ಡಮ್ಮಿಯ ಪ್ರತಿ ಪ್ಯಾರಾವನ್ನೂ ಕೆಂಪು ಬಣ್ಣದ ಪ್ರತ್ಯೇಕ ಸ್ಟೈಲಿನಲ್ಲಿ ಇಟ್ಟು, ಅದರ ಮೊದಲಿಗೆ ‘ೞೞ’ ಎಂದು ಸೇರಿಸುತ್ತೇನೆ. ಹಳಗನ್ನಡದ ಈ ಅಕ್ಷರ ಇಂದಿನ ಬರಹದಲ್ಲಿ ಬರುವುದೇ ಇಲ್ಲವಾದ್ದರಿಂದ, ಪಿಡಿಎಫ್ ಮಾಡುವ ಮುನ್ನ ಅದನ್ನು ಹುಡುಕಿದರೆ ಸಿಗುವುದೆಲ್ಲ ಡಮ್ಮಿಯೇ. ಕೆಲವು ಫಾಂಟುಗಳಲ್ಲಿ ‘ೞ’ ಇರದೆ ಖಾಲಿ ಚೌಕ ಮೂಡಬಹುದು. ಅದರಿಂದ ತೊಂದರೆಯೇನಿಲ್ಲ, ಹುಡುಕಾಟಕ್ಕೆ ಅದು ಸಿಕ್ಕೇ ಸಿಗುತ್ತದೆ, ಕಣ್ಣಿಗೂ ಬೇಗ ಬೀಳುತ್ತದೆ.